ಇಂಗಳೇಶ್ವರದ ಒಂದೇ ಶಾಸನ ಆರು ಸಲ ಯಾಕೆ ಬಂತು?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಪ್ರಕಟಿತ ಶಾಸನಗಳನ್ನು ನಾನು ನಾಲ್ಕು ಟೇಬಲ್‌ಗಳಲ್ಲಿ ಇಟ್ಟುಕೊಂಡಿದ್ದೇನೆ: ಶಾಸನ, ಊರು, ಪ್ರಕಟಣೆ, ವ್ಯಕ್ತಿ. ಲೇಖನವೊಂದಕ್ಕೆ ಊರುವಾರು ಎಣಿಕೆ ತೆಗೆಯಲು ನಾಲ್ಕನ್ನೂ ಜಾಯಿನ್ ಮಾಡಿ ಇಂಗಳೇಶ್ವರ ಅಂತ ಹುಡುಕಿದರೆ ಒಂದೇ ಶಾಸನ ಆರು ಸಲ ಬಂತು. ನೋಡದೆ ಕಳಿಸಿದ್ದರೆ ಇಲ್ಲದ ಐದು ಶಾಸನಗಳು ಲೆಕ್ಕಕ್ಕೆ ಸೇರಿಬಿಡುತ್ತಿದ್ದವು.

ಶಾಸನ ಟೇಬಲ್‌ನಲ್ಲಿ ಅದಕ್ಕಿರುವುದು ಒಂದೇ ದಾಖಲೆ. (ಡೇಟಾಬೇಸಿನ ‘ರೋ’ವನ್ನು ದಾಖಲೆ ಅನ್ನುತ್ತೇನೆ, ಸಾಲು ಅಂದರೆ ನಮಗೆ ಕಲ್ಲಿನ ಮೇಲಿನದು.) ಪ್ರಕಟಣೆಯಲ್ಲಿ ಮಾತ್ರ ಎರಡಿವೆ: ವಾರ್ಷಿಕ ವರದಿಯ ಬಿ.ಕೆ. ನಂಬರು ಒಂದು, ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಸಂಪುಟದ ನಂಬರು ಇನ್ನೊಂದು. ಇದು ತಪ್ಪಲ್ಲ. ವರದಿಗಳಲ್ಲಿ ಮೊದಲು ಪಟ್ಟಿಯಾದ ಬಾಂಬೆ-ಕರ್ನಾಟಕದ ಶಾಸನಗಳೇ 1940ರ 11ನೇ ಸಂಪುಟದ ಮೊದಲ ಭಾಗ, 1964ರ 15ನೇ ಸಂಪುಟ ಮುಂತಾದವುಗಳಲ್ಲಿ ಪಾಠ ಸಮೇತ ಬಂದವು. ವ್ಯಕ್ತಿ ಟೇಬಲ್‌ನಲ್ಲಿ ಮೂರು: ಅರಸ, ಮಾಂಡಲಿಕ, ದಾನಿ. ಪ್ರಕಟಣೆಗೂ ವ್ಯಕ್ತಿಗೂ ತಮ್ಮಲ್ಲಿ ನೇರ ಸಂಬಂಧವಿಲ್ಲ, ಎರಡೂ ಶಾಸನದ ಐಡಿಗೆ ಅಂಟಿಕೊಂಡಿವೆ. ಆದ್ದರಿಂದ ಕ್ವೆರಿ ಪ್ರತಿ ಪ್ರಕಟಣೆಯನ್ನೂ ಪ್ರತಿ ವ್ಯಕ್ತಿಯ ಜೊತೆ ಜೋಡಿಸುತ್ತದೆ. ಎರಡು ಮೂರಲೆ ಆರು.

ಮೊದಲು ನಾನು ಮಾಡಿದ್ದು ಎಲ್ಲರೂ ಮಾಡುವುದೇ, ಊರು, ಅರಸ, ಶಕವರ್ಷ ಇಷ್ಟನ್ನೇ ಆರಿಸಿ ಡಿಸ್ಟಿಂಕ್ಟ್ ಹಾಕಿದ್ದು. ಪಟ್ಟಿ ಸ್ವಚ್ಛವಾಯಿತು ಅಂತ ಖುಷಿಪಟ್ಟೆ. ಆದರೆ ಒಂದೇ ಊರಿನಲ್ಲಿ, ಒಂದೇ ಅರಸನ ಕಾಲದಲ್ಲಿ, ಒಂದೇ ವರ್ಷ ಬರೆಸಿದ ಎರಡು ಬೇರೆ ದಾನಶಾಸನಗಳಿದ್ದರೆ ಅವೂ ಕೂಡಿ ಒಂದಾಗುತ್ತವೆ. ಜಾಸ್ತಿ ಬಂದದ್ದು ಕಣ್ಣಿಗೆ ಬೀಳುತ್ತದೆ, ಹೀಗೆ ಕಳೆದುಹೋದ ಶಾಸನ ಹೋದದ್ದೇ ಗೊತ್ತಾಗುವುದಿಲ್ಲ.

ಹಾಗಾಗಿ ಒಂದು ಶಾಸನದ ಐಡಿ ಹಿಡಿದು, ಟೇಬಲ್‌ಗಳನ್ನು ಒಂದೊಂದಾಗಿ ಸೇರಿಸುತ್ತ ಕೌಂಟ್ ನೋಡಿ. ನನಗೆ ಸಿಕ್ಕಿದ್ದು: ಶಾಸನ 1, ಊರು ಸೇರಿಸಿದರೆ 1, ಪ್ರಕಟಣೆ ಸೇರಿಸಿದರೆ 2, ವ್ಯಕ್ತಿ ಸೇರಿಸಿದರೆ 6. ಎಣಿಕೆ ಮಾತ್ರ ಬೇಕಿದ್ದರೆ ಶಾಸನದ ಐಡಿ ಮೇಲೆ ಕೌಂಟ್ ಡಿಸ್ಟಿಂಕ್ಟ್ ಸಾಕು. ವಿವರವೂ ಬೇಕಿದ್ದರೆ ಜಾಯಿನ್‌ಗೆ ಮೊದಲೇ, ಒಳಕ್ವೆರಿಯಲ್ಲಿ ಶಾಸನದ ಐಡಿವಾರು ಗ್ರೂಪ್ ಬೈ ಮಾಡಿ, ಪ್ರಕಟಣೆಯ ನಂಬರುಗಳನ್ನೆಲ್ಲ ಒಂದೇ ಕಡೆ ಪೋಣಿಸಬೇಕು, ವ್ಯಕ್ತಿಗಳಿಗೂ ಹಾಗೆಯೇ. ಮೈಎಸ್‌ಕ್ಯೂಎಲ್‌ನ ಗ್ರೂಪ್_ಕಾನ್‌ಕ್ಯಾಟ್ ಇದಕ್ಕೇ ಇರುವುದು. ಇಂಥ ಅರಸನ ಹೆಸರಿರುವ ಶಾಸನಗಳು ಅಂತ ಸೋಸುವುದಷ್ಟೇ ಆದರೆ ಜಾಯಿನ್ ಬೇಡ, ಎಕ್ಸಿಸ್ಟ್ಸ್ ಬಳಸಿ.

ತಾಳಿಕೋಟೆಯದು ಬೇರೆ ಕಥೆ. ಹಳೆಯ ಸಂಪುಟಗಳ ಪ್ರಕಾರ ಅದು ಮುದ್ದೇಬಿಹಾಳ ತಾಲ್ಲೂಕಿನ ಊರು, ಈಗ ತಾನೇ ಒಂದು ತಾಲ್ಲೂಕು. ನಾನು ಊರು ಟೇಬಲ್‌ನಲ್ಲಿ ಎರಡನ್ನೂ ಬರೆದು, ಹೆಸರಿನ ಮೇಲೆ ಜಾಯಿನ್ ಮಾಡಿದ್ದೆ. ಅಲ್ಲಿನ ಪ್ರತಿ ಶಾಸನವೂ ಎರಡೆರಡು ಸಲ ಬಂತು. ಇಲ್ಲಿ ಕ್ವೆರಿ ತಿದ್ದಿ ಉಪಯೋಗವಿಲ್ಲ. ಊರಿಗೆ ಒಂದೇ ಐಡಿ ಕೊಟ್ಟು, ಹಳೆ ತಾಲ್ಲೂಕು ಹೊಸ ತಾಲ್ಲೂಕುಗಳನ್ನು ಬೇರೆ ಟೇಬಲ್‌ಗೆ ಹಾಕಿದೆ. ಕೊಲ್ಹಾರ, ನಿಡಗುಂದಿ, ಚಡಚಣ, ದೇವರಹಿಪ್ಪರಗಿ ಇನ್ನೂ ಬಾಕಿ ಇವೆ.