ಚಿಣಿ ನೆಲದಿಂದ ಹೆಂಗ್ ಜಿಗೀತೈತಿ?

ಕೈಲೆ ಮುಟ್ಟಂಗಿಲ್ಲ.
ನೆಲದ ಮ್ಯಾಲಿನ ಕಟ್ಟಿಗಿ ತುಂಡನ್ನ
ಗಾಳಿಗೆ ಎಬ್ಬಿಸ್ಬೇಕು. ಹೆಂಗ?

ಕುಷ್ಟಗಿ, ಯಲಬುರ್ಗಾ ಕಡೆ
ಹಿಂಗಾರಿ ಜೋಳ ಕೊಯ್ದು
ಎರಿ ಹೊಲ ಬಯಲಾದ್ರ ಸಾಕು,
ಹುಡುಗ್ರು ಚಿಣಿ-ದಾಂಡು ಹಿಡ್ಕೊಂಡು ಹಾಜರ್!

ದಾಂಡು ಒಂದು ಮೊಳ.
ಚಿಣಿ ಗೇಣಿಗಿಂತ ಗಿಡ್ಡ.
ಎರಡೂ ಜಾಲಿ ಟೊಂಗಿಯವು, ರೊಕ್ಕ ಬೇಕಿಲ್ಲ.

ಗುಟ್ಟು ಇರೋದು ಚಿಣಿ ತುದಿಯಾಗ.
ಎರಡೂ ಕಡೆ ಚೂಪಾಗಿ ಕೆತ್ತಿರ್ತಾರ.
ಹಂಗಾಗಿ ನಡು ಅಷ್ಟ ನೆಲಕ್ಕ ತಾಗ್ತೈತಿ,
ತುದಿ ಮ್ಯಾಲ ಇರ್ತಾವ.

ತುದಿಗೆ ಟಕ್ ಅಂತ ಬಡೀರಿ.
ಬಾವಿ ಏತದಂಗ,
ಈ ತುದಿ ಕೆಳಗ, ಆ ತುದಿ ಮ್ಯಾಲ!
ಚಿಣಿ ಗಿರ್ರನೆ ತಿರುಗಿ ಜಿಗೀತೈತಿ.

ಬೀಳೋದ್ರಾಗ ಇನ್ನೊಂದು ಏಟು.
ಖರೇ ಕೈಚಳಕ ಇದ ನೋಡ್ರಿ.

ಎದುರಿನವ್ರು ಹಿಡಿದ್ರ ಔಟ್.
ಹಿಡೀಲಿಲ್ಲಾ?
ಬಿದ್ದ ಜಾಗದ ತನಕ ದಾಂಡಿನಿಂದಾನ ಅಳೀರಿ,
ಎಷ್ಟು ದಾಂಡೋ ಅಷ್ಟು ಅಂಕ!