ಕೇಪಿನ ಕೋವಿಯ ನಳಿಗೆ ಅಳೆಯುವ ಬಗೆ



ಬೆಳೆ ಕಾಯೋದಕ್ಕೆ ಅಂತ ಅಜ್ಜನ ಕಾಲದಿಂದ ಮನೆಯಲ್ಲಿರುವ ಕೇಪಿನ ಕೋವಿಗೆ ಎಷ್ಟು ದಪ್ಪದ ಗುಂಡು ಬೇಕು? ಕೇಳಿದರೆ, "ಹೆಬ್ಬೆರಳು ಹಿಡಿಯೋ ಅಷ್ಟು ಬಾಯಿ ಇದೆ ಸ್ವಾಮಿ" ಅಂತೀರಿ. ಈ ಅಂದಾಜು ಸಾಲದು. ದಪ್ಪ ಗುಂಡು ಅರ್ಧ ದಾರಿಯಲ್ಲೇ ಸಿಕ್ಕಿಕೊಂಡರೆ ಮದ್ದಿಗೂ ಗುಂಡಿಗೂ ನಡುವೆ ತೆರಪು ಉಳಿಯುತ್ತದೆ. ಆಗ ನಳಿಗೆ ಸಿಡಿದು ಕೈಯೇ ಹೋದೀತು! ತೀರ ಸಣ್ಣದಾದರೆ ಗುರಿ ನಿಲ್ಲದು.

ಮೊದಲು ಕೋವಿ ಖಾಲಿಯೇ ಎಂದು ನೋಡಬೇಕು. ಕೇಪು ತೆಗೆಯಿರಿ, ಬಾಯಿಯ ಎದುರು ಯಾರೂ ನಿಲ್ಲಬಾರದು. ಗಜವನ್ನು ಮೆಲ್ಲಗೆ ಒಳಗೆ ಬಿಟ್ಟು, ಬಾಯಿಯ ಮಟ್ಟಕ್ಕೆ ಸೀಮೆಸುಣ್ಣದ ಗುರುತು ಹಾಕಿ. ಅದನ್ನು ಹೊರಗೆ ತೆಗೆದು ನಳಿಗೆಯ ಪಕ್ಕಕ್ಕೆ ಹಿಡಿಯಿರಿ. ಗಜದ ತುದಿ ಕೇಪು ಕೂರುವ ಜಾಗದ ಹತ್ತಿರ ಬರಬೇಕು. ಎರಡು ಬೆರಳಷ್ಟು ಕಡಿಮೆ ಬಂತೋ, ಒಳಗೆ ಹಳೆ ಮದ್ದು ಇರಬಹುದು. ಕೆದಕಬೇಡಿ, ಬೆಂಕಿಗೆ ಹಿಡಿಯಬೇಡಿ. ಲೈಸೆನ್ಸ್ ಇರುವ ಕೋವಿ ರಿಪೇರಿಯವರಿಗೆ ತಿಳಿಸಿ.

ಖಾಲಿ ಎಂದು ಖಾತ್ರಿಯಾದ ಮೇಲೆ ನಳಿಗೆ ಒರೆಸಿ. ತುದಿ ಸಣ್ಣಗೆ, ಬುಡ ದಪ್ಪಗೆ, ದುಂಡಗೆ ಸವರಿದ ಮರದ ಗೂಟಕ್ಕೆ ಮಸಿ ಬಳಿದು ಬಾಯಿಗೆ ಇಟ್ಟು ಮೆಲ್ಲಗೆ ತಿರುಗಿಸಿ. ಮಸಿ ಉಜ್ಜಿ ಹೋದ ಗೆರೆಯ ಸುತ್ತ ಕಾಗದದ ಪಟ್ಟಿ ಸುತ್ತಿ ಉದ್ದ ಅಳೆಯಿರಿ. ಅದನ್ನು 7ರಿಂದ ಗುಣಿಸಿ 22ರಿಂದ ಭಾಗಿಸಿ. ಪಟ್ಟಿ 58 ಮಿ.ಮೀ. ಇದ್ದರೆ ಬಾಯಿ ಸುಮಾರು 18.5 ಮಿ.ಮೀ.; ಇದೇ 12 ಬೋರು. ಒಂದು ಪೌಂಡು ಸೀಸದಲ್ಲಿ ಅಷ್ಟೇ ದಪ್ಪದ 12 ಗುಂಡು ಆಗುತ್ತವೆ ಎಂಬುದೇ ಆ ಹೆಸರಿನ ಅರ್ಥ. 16 ಬೋರು 16.8 ಮಿ.ಮೀ. ಅಂದರೆ ಸಂಖ್ಯೆ ಹೆಚ್ಚಿದಷ್ಟೂ ಬಾಯಿ ಕಿರಿದು.

1809ರಲ್ಲಿ ಹಲಸೂರಿನ ಮಗ್ಗುಲಲ್ಲಿ ದಂಡು ನೆಲೆಗೊಂಡಾಗ ಕಂಪನಿ ಸಿಪಾಯಿಗಳ ಬ್ರೌನ್ ಬೆಸ್ ಬಂದೂಕಿನ ಬಾಯಿ ಸುಮಾರು 19 ಮಿ.ಮೀ. ಇತ್ತು, ಒಳಗೆ ನುಣುಪು. 1853ರ ಎನ್‌ಫೀಲ್ಡ್ ರೈಫಲ್ಲಿನದು 14.7 ಮಿ.ಮೀ.; ಒಳಗೆ ತಿರುಚಿದ ಮೂರು ಗಾಡಿ. ಒಂದು ಗಾಡಿಯ ಎದುರಿಗೆ ಉಬ್ಬು ಬರುವುದರಿಂದ ಅಲ್ಲಿ ಕ್ಯಾಲಿಪರ್ ತಪ್ಪು ಹೇಳೀತು. ದುಂಡು ಗೂಟವಾದರೆ ಮೂರು ಉಬ್ಬನ್ನೂ ಒಟ್ಟಿಗೆ ಮುಟ್ಟುತ್ತದೆ.

ಇನ್ನೊಂದು ಮಾತು: ಗಜ ಉಜ್ಜಿ ಉಜ್ಜಿ ಬಾಯಿ ಸವೆದಿರುತ್ತದೆ, ಒಳಗೆ ಬಿಗಿ ಇರುತ್ತದೆ. ಆದ್ದರಿಂದ ಬಾಯಿಯ ಅಳತೆ ನಂಬಿ ಗುಂಡು ಎರಕ ಹೊಯ್ಯಬೇಡಿ. ಚೀಟಿ ಬರೆದುಕೊಂಡು ಹೋಗಿ ರಿಪೇರಿಯವರಿಂದ ಒಳ ಅಳತೆ ಮಾಡಿಸಿ. ಬೆಳೆ ರಕ್ಷಣೆಯ ಇಂಥ ಕೋವಿಗೆ 1959ರ ಶಸ್ತ್ರಾಸ್ತ್ರ ಕಾಯಿದೆಯಲ್ಲಿ ಲೈಸೆನ್ಸಿಗೆ ಅವಕಾಶವಿದೆ. ಆದರೆ ಲೈಸೆನ್ಸ್ ಇದೆಯೆಂದು ಕಾಡುಹಂದಿಗೆ ಗುಂಡು ಹಾರಿಸುವಂತಿಲ್ಲ. ಅದಕ್ಕೆ ಅರಣ್ಯ ಇಲಾಖೆಯ ಅಪ್ಪಣೆ ಬೇರೆ ಬೇಕು.

ಬೆಳೆ ಮತ್ತೊಂದು ವರ್ಷ ಬಂದೀತು, ಹೋದ ಕೈ ಬಾರದು. ಅಳೆದು ನಡೆಯೋಣ.