ಗಾಯಗೊಂಡ ಯೋಧನ ಎರಡನೆಯ ಸಮರ

ರಣರಂಗದಲ್ಲಿ ಗಾಯಗೊಂಡ ಯೋಧನಿಗೆ ಎರಡು ಸಮರಗಳುಂಟು. ಮೊದಲನೆಯದರಲ್ಲಿ ಶತ್ರುವು ಎದುರಿಗಿರುವನು, ಸಂಗಡಿಗರು ಪಕ್ಕದಲ್ಲಿರುವರು. ಎರಡನೆಯದು ಆಸ್ಪತ್ರೆಯ ಮಂಚದಲ್ಲಿ ಮೊದಲಾಗಿ ಮನೆಯ ಹೊಸ್ತಿಲವರೆಗೂ ಬರುವುದು. ಅದರಲ್ಲಿ ಅವನ ಪಕ್ಕದಲ್ಲಿ ನಿಲ್ಲತಕ್ಕವರು ಮನೆಯವರೇ. ಆದುದರಿಂದ ಈ ವಿಷಯವನ್ನು ಗೃಹಸ್ಥರು ವಿಚಾರಿಸುವುದು ಯುಕ್ತವಾಗಿದೆ.

ಗಾಯಗಳಲ್ಲೆಲ್ಲ ಕಠಿಣವಾದುದು ಬೆನ್ನುಹುರಿಯ ಗಾಯ. ಮೊದಲನೆಯ ಮಹಾಯುದ್ಧದಲ್ಲಿ ಇಂತಹ ಪೆಟ್ಟು ತಿಂದವರಲ್ಲಿ ಬಹುಮಂದಿ ಬದುಕಿ ಉಳಿಯಲಿಲ್ಲ. ಅವರನ್ನು ಕೊಂದುದು ಗುಂಡಿಗಿಂತ ಹೆಚ್ಚಾಗಿ, ಒಂದೇ ಮಗ್ಗುಲಲ್ಲಿ ಮಲಗಿದ್ದುದರಿಂದಾದ ಹುಣ್ಣು ಮತ್ತು ಮೂತ್ರಕೋಶದ ನಂಜು. ಹಿಟ್ಲರನ ಜರ್ಮನಿಯನ್ನು ತೊರೆದು ಇಂಗ್ಲೆಂಡಿಗೆ ಬಂದ ವೈದ್ಯರಾದ ಲುಡ್ವಿಗ್ ಗುಟ್‌ಮನ್‌ರವರು 1944ರಲ್ಲಿ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಇಂತಹವರ ವಿಭಾಗವನ್ನು ವಹಿಸಿಕೊಂಡರು. ಹಗಲಿರುಳೆನ್ನದೆ ಎರಡು ಗಂಟೆಗೊಮ್ಮೆ ರೋಗಿಯ ಮಗ್ಗುಲನ್ನು ಬದಲಿಸತಕ್ಕದ್ದೆಂದು ಅವರು ನಿಯಮಿಸಿದರು. ಹೀಗೆ ಪ್ರಾಣವುಳಿದ ಮೇಲೆ ಅವನನ್ನು ಸುಮ್ಮನೆ ಮಲಗಗೊಡದೆ ಕೆಲಸಕ್ಕೂ ಆಟಕ್ಕೂ ಹಚ್ಚಿದರು. 1948ರ ಜುಲೈ 29ರಂದು, ಲಂಡನ್ನಿನಲ್ಲಿ ಒಲಿಂಪಿಕ್ ಕ್ರೀಡೆಗಳು ಆರಂಭವಾದ ದಿನವೇ, ಗಾಲಿಕುರ್ಚಿಯಲ್ಲಿ ಕುಳಿತ 16 ಮಂದಿ ಆ ಆಸ್ಪತ್ರೆಯಲ್ಲಿ ಬಿಲ್ಲುಹಿಡಿದು ಸ್ಪರ್ಧಿಸಿದರು. ಇಂದಿನ ಪ್ಯಾರಾಲಿಂಪಿಕ್ ಕ್ರೀಡೆಗಳಿಗೆ ಇದೇ ಬೀಜ.

ಈ ಬೀಜದ ಫಲವು ನಮ್ಮ ದೇಶದ ಒಬ್ಬ ಸೈನಿಕರಿಗೂ ದೊರೆಯಿತು. ನೆರೆಯ ಸಾಂಗಲಿ ಸೀಮೆಯ ಶ್ರೀ ಮುರಳೀಕಾಂತ ಪೇಟಕರರು ಸೈನ್ಯದಲ್ಲಿ ಮುಷ್ಟಿಯುದ್ಧದ ಪಟುಗಳಾಗಿದ್ದರು. 1965ರ ಯುದ್ಧದಲ್ಲಿ ಅವರ ಮೈಗೆ ಹಲವು ಗುಂಡುಗಳು ತಗುಲಿದುವು. ಬೆನ್ನೆಲುಬಿಗೂ ಪೆಟ್ಟು ಬಿದ್ದು ಸೊಂಟದ ಕೆಳಗಿನ ಸ್ವಾಧೀನವು ತಪ್ಪಿತು. ಚಿಕಿತ್ಸೆಯ ಅಂಗವಾಗಿ ಅವರಿಗೆ ಈಜನ್ನು ವಿಧಿಸಲಾಯಿತು. ನೀರು ದೇಹದ ಭಾರವನ್ನು ತಾನೇ ಹೊರುವುದರಿಂದ, ಕಾಲುಗಳು ಆಡದಿದ್ದರೂ ತೋಳುಗಳು ಮೈಯನ್ನು ಮುಂದೊಯ್ಯಬಲ್ಲವು. ಔಷಧವಾಗಿ ಬಂದ ಈಜು ವಿದ್ಯೆಯಾಯಿತು. 1972ರಲ್ಲಿ ಜರ್ಮನಿಯ ಹೈಡೆಲ್‌ಬರ್ಗಿನ ಪ್ಯಾರಾಲಿಂಪಿಕ್ ಕ್ರೀಡೆಗಳಲ್ಲಿ ಅವರು 50 ಮೀಟರ್ ದೂರವನ್ನು 37.33 ಸೆಕೆಂಡುಗಳಲ್ಲಿ ಈಜಿ, ವಿಶ್ವದಾಖಲೆಯೊಡನೆ ಚಿನ್ನದ ಪದಕವನ್ನು ಗಳಿಸಿದರು. ಆ ಕ್ರೀಡೆಗಳಲ್ಲಿ ಭಾರತಕ್ಕೆ ಬಂದ ಮೊದಲನೆಯ ಚಿನ್ನವದು. 2018ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿಯು ಸಂದಿತು.

ಪದಕಕ್ಕಿಂತಲೂ ನನ್ನ ಮನಸ್ಸನ್ನು ಸೆಳೆದುದು ಬೇರೊಂದು ಸಂಗತಿ. ಧನಸಹಾಯವು ತಾನಾಗಿ ಬಂದಾಗ ಪೇಟಕರರು ಅದನ್ನು ಒಲ್ಲದೆ, ದುಡಿಯಲು ಉದ್ಯೋಗವನ್ನು ಕೇಳಿದರು. ಪುಣೆಯ ಟೆಲ್ಕೋ ಕಾರ್ಖಾನೆಯಲ್ಲಿ ಕೆಲಸಮಾಡಿ ಜೀವನವನ್ನು ನಡೆಸಿದರು. ಯೋಧನು ಸಂಸಾರಕ್ಕೆ ಮರಳಿದನೆಂದು ಹೇಳಬೇಕಾದುದು ಆಗಲೇ ಹೊರತು, ಆಸ್ಪತ್ರೆಯಿಂದ ಬಿಡುಗಡೆಯಾದಾಗಲ್ಲ.

ನಾವಾದರೋ, ಇಂತಹವನು ಮನೆಗೆ ಬಂದರೆ, ಕರುಣೆಯಿಂದ ಅವನ ಕೈಯ ಕೆಲಸವನ್ನೆಲ್ಲ ಕಿತ್ತುಕೊಳ್ಳುವೆವು. ಲೆಕ್ಕಪತ್ರವನ್ನು ತಮ್ಮನು ನೋಡುವನು. ಮಕ್ಕಳ ವಿದ್ಯೆಯ ಮಾತನ್ನು ಅವನಿಗೆ ಕೇಳಿಸದಂತೆ ಆಡುವೆವು. ಬಂದ ನೆಂಟರು ಅವನೆದುರಿಗೇ "ಅಯ್ಯೋ ಪಾಪ" ಎನ್ನುವರು. ಗುಂಡು ಕಾಲನ್ನು ಮಾತ್ರ ಅಪಹರಿಸಿತ್ತು. ಮನೆಯ ಯಜಮಾನಿಕೆಯನ್ನು ಅಪಹರಿಸಿದವರು ನಾವು. ಬಹುಕಾಲ ಕಾಯಿಲೆ ಬಿದ್ದು ಶಾಲೆಗೆ ಮರಳಿದ ಹುಡುಗರನ್ನು ನಾನು ಕಂಡಿದ್ದೇನೆ. ಪಾಠವನ್ನು ಮನ್ನಿಸಿ ಕೂರಿಸಿದವನು ಹಿಂದುಳಿದನು. ಸ್ವಲ್ಪವೇ ಆದರೂ ಪಾಠವನ್ನು ಒಪ್ಪಿಸೆಂದು ಕೇಳಿಸಿಕೊಂಡವನು ತರಗತಿಯನ್ನು ಸೇರಿಕೊಂಡನು.

ಆದುದರಿಂದ ಹೊಸ್ತಿಲನ್ನು ತಗ್ಗಿಸಿ, ಬಚ್ಚಲಿಗೆ ಗಾಲಿಕುರ್ಚಿಯು ಹೋಗುವಂತೆ ದಾರಿಮಾಡಿರಿ. ಆಮೇಲೆ ಮನೆಯ ಲೆಕ್ಕದ ಪುಸ್ತಕವನ್ನು ತಂದು ಅವನ ಮುಂದಿಡಿರಿ.